ಟೇಲಸ್ ಮುರಿದಾಗ: ನನ್ನ ಅನುಭವ

ಪಾದದ ಗಂಟು ಮುರಿಯಿತೆಂದರೆ ಸಾಮಾನ್ಯವಾಗಿ ಎರಡು ಬದಿಯ ಮೂಳೆಯ ಗುಬ್ಬಿಗಳಲ್ಲಿ ಒಂದು ಮುರಿದಿರುತ್ತದೆ. ಅವುಗಳ ನಡುವೆ, ಹಿಮ್ಮಡಿ ಮೂಳೆಯ ಮೇಲೆ ಕುಳಿತಿರುವ ಟೇಲಸ್ ಎಂಬ ಮೂಳೆ ಮುರಿಯುವುದು ಅಪರೂಪ. ಅದರ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮೃದ್ವಸ್ಥಿಯೇ ಆವರಿಸಿದೆ, ಒಂದು ಸ್ನಾಯುವೂ ಅದಕ್ಕೆ ಅಂಟಿಕೊಂಡಿಲ್ಲ. ಹೀಗಾಗಿ ರಕ್ತನಾಳಗಳು ಒಳಹೋಗಲು ಇರುವ ಜಾಗವೇ ಕಡಿಮೆ, ಮೂಳೆಯ ಕತ್ತು, ಅಂದರೆ ಅದರ ಕಿರಿದಾದ ಭಾಗ, ಮುರಿದು ತುಂಡುಗಳು ಸರಿದರೆ ಆ ನಾಳಗಳೂ ಹರಿದುಹೋಗಬಹುದು.

ಅಡಿಕೆ ಮರದಿಂದ ಬಿದ್ದು ನನ್ನಲ್ಲಿಗೆ ಚಿಕಿತ್ಸೆಗೆ ಬಂದ ಕೊನೆಗಾರರೊಬ್ಬರಿಗೆ (ಮರ ಹತ್ತಿ ಅಡಿಕೆ ಗೊನೆ ಇಳಿಸುವವರು) ಆದದ್ದು ಇದೇ. ಟೇಲಸ್ಸಿನ ಕತ್ತು ಮುರಿದು, ಕೆಳಗಿನ ಕೀಲು, ಅಂದರೆ ಹಿಮ್ಮಡಿ ಮೂಳೆಯೊಂದಿಗಿನ ಕೀಲು, ತಪ್ಪಿತ್ತು. ಸರಿದ ಮೂಳೆ ಒಳಗಿನಿಂದ ಚರ್ಮವನ್ನು ಒತ್ತುತ್ತಿದ್ದುದರಿಂದ ಕೀಲನ್ನು ಅಂದು ರಾತ್ರಿಯೇ ಕೂರಿಸಿದೆ. ಶಸ್ತ್ರಚಿಕಿತ್ಸೆಗೆ ಮಾತ್ರ ಬಾವು ಇಳಿದು ಚರ್ಮದಲ್ಲಿ ಸುಕ್ಕು ಕಾಣುವವರೆಗೆ ಒಂಬತ್ತು ದಿನ ಕಾದೆ. ಮೊದಲೆಲ್ಲ ನಾನು ಒಳಬದಿಯಲ್ಲಿ ಒಂದೇ ಗಾಯ ಮಾಡಿ ಸ್ಕ್ರೂ ಬಿಗಿದು ಮುಗಿಸುತ್ತಿದ್ದೆ. ಒಳಬದಿಯ ಮೂಳೆ ಪುಡಿಯಾಗಿದ್ದಲ್ಲಿ ಹಾಗೆ ಬಿಗಿದರೆ ಆ ಬದಿ ಗಿಡ್ಡವಾಗಿ ಪಾದ ಒಳಕ್ಕೆ ವಾಲುತ್ತದೆಂಬುದನ್ನು ಒಬ್ಬ ರೋಗಿಯ ಕಾಲಿನಲ್ಲೇ ಕಲಿತೆ. ಅದು ನನ್ನದೇ ತಪ್ಪು. ಈ ಬಾರಿ ಎರಡೂ ಬದಿಯಿಂದ ತೆರೆದು, ಮುರಿತವನ್ನು ಕಣ್ಣಾರೆ ಹೊಂದಿಸಿ, ಹೊರಬದಿಗೆ ಸಣ್ಣ ಪ್ಲೇಟನ್ನೂ ಒಳಬದಿಗೆ ಅತಿಯಾಗಿ ಒತ್ತದ ಟೈಟೇನಿಯಂ ಸ್ಕ್ರೂವನ್ನೂ ಹಾಕಿದೆ.

ಮುಂದಿನದು ಕಾಯುವ ಕೆಲಸ. ಆರರಿಂದ ಎಂಟನೆಯ ವಾರದ ಎಕ್ಸ್-ರೇಯಲ್ಲಿ ಟೇಲಸ್ಸಿನ ಗುಮ್ಮಟದಂಥ ಮೇಲ್ಭಾಗದ ಅಡಿಗೆ ತೆಳುವಾದ ಕಪ್ಪು ಗೆರೆ ಕಂಡರೆ ರಕ್ತ ಹರಿಯುತ್ತಿದೆ ಎಂದರ್ಥ. 1970ರಲ್ಲಿ ಇದನ್ನು ವಿವರಿಸಿದ ವೈದ್ಯ ಹಾಕಿನ್ಸ್ ಅವರ ಹೆಸರೇ ಈ ಗುರುತಿಗಿದೆ. ಗೆರೆ ಕಾಣದಿದ್ದ ಮಾತ್ರಕ್ಕೆ ಮೂಳೆ ಸತ್ತಿತೆಂದು ತೀರ್ಮಾನಿಸಬಾರದು. ಇವರ ಎಂಟನೆಯ ವಾರದ ಚಿತ್ರದಲ್ಲಿ ಅದು ಒಳಬದಿಯಲ್ಲಷ್ಟೇ ಇತ್ತು. ಮೂರು ತಿಂಗಳು ತುಂಬುವವರೆಗೆ ಕಾಲೂರಲು ಬಿಡಲಿಲ್ಲ. ದಿನಗೂಲಿಯವರಿಗೆ ಹಾಗೆ ಹೇಳುವುದು ಸ್ಕ್ರೂ ಹಾಕುವುದಕ್ಕಿಂತ ಕಷ್ಟ.

ಇದಕ್ಕೆ ವಿರುದ್ಧವಾಗಿ, ಸುಲಭವಾಗಿ ಕಣ್ತಪ್ಪುವುದು ಟೇಲಸ್ಸಿನ ಹೊರಚಾಚಿನ, ಅಂದರೆ ಹೊರಬದಿಗೆ ಚಾಚಿದ ಭಾಗದ, ಮುರಿತ. ಸ್ಕೂಟರಿನಿಂದ ಬಿದ್ದ ಯುವತಿಯೊಬ್ಬರು ಉಳುಕೆಂದು ಆರು ವಾರ ಎಣ್ಣೆ ತಿಕ್ಕಿಸಿಕೊಂಡು ಬಂದಿದ್ದರು. ಮೊದಲ ಎಕ್ಸ್-ರೇಯಲ್ಲಿ ಏನೂ ಕಂಡಿರಲಿಲ್ಲ, ಸಿ.ಟಿ. ಸ್ಕ್ಯಾನ್ ತೋರಿಸಿತು. ಜೋಡಿಸಲಾಗದಷ್ಟು ಸಣ್ಣ ಚೂರುಗಳನ್ನು ತೆಗೆದ ಮೇಲೆ ನೋವು ಬಹುಪಾಲು ಇಳಿಯಿತು. ಅಂದಿನಿಂದ, ಹೊರಗುಬ್ಬಿಯ ತುದಿಯ ಕೆಳಗೆ ಒತ್ತಿದಾಗ ನೋವಿದ್ದರೆ ನಾನು ಉಳುಕೆಂದು ಬರೆದು ಕಳಿಸುವುದಿಲ್ಲ.

ಕೊನೆಗಾರರ ಮೂಳೆ ಎರಡು ವರ್ಷದ ನಂತರವೂ ಕುಸಿದಿಲ್ಲ. ಆದರೆ ಕೆಳಗಿನ ಕೀಲು ಬಿಗಿದಿದೆ. ಸಮನೆಲದಲ್ಲಿ ಸಲೀಸಾಗಿ ನಡೆಯುವ ಅವರು ತೋಟದ ಇಳಿಜಾರಿನಲ್ಲಿ ಅಡ್ಡಡ್ಡವಾಗಿ ಹೆಜ್ಜೆಯಿಡುತ್ತಾರೆ. ಮರ ಹತ್ತುವುದನ್ನು ಬಿಟ್ಟು, ಈಗ ಕೆಳಗೆ ನಿಂತು ಕೊನೆ ಹಿಡಿಯುತ್ತಾರೆ.