ಪಿಟಿಟಿ ಒತ್ತುವ ಮೊದಲು

ಹ್ಯಾಮ್ ರೇಡಿಯೋದಲ್ಲಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತುವ ಮೊದಲು, ಬ್ಯಾಂಡ್ (ಹ್ಯಾಮ್‌ಗಳಿಗೆ ಬಿಟ್ಟ ಫ್ರೀಕ್ವೆನ್ಸಿಗಳ ವ್ಯಾಪ್ತಿ) ಖಾಲಿ ಅನಿಸಿದರೂ ಅರ್ಧ ನಿಮಿಷ ಆಲಿಸಿ, ಆಮೇಲೆ ಕೇಳಿಯೇ ಬಿಡಿ: 'ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ?' ಸಿಡಬ್ಲ್ಯೂ (ಮೋರ್ಸ್) ಆದರೆ ಅದೇ ಪ್ರಶ್ನೆಯ ಸಂಕೇತ ಕ್ಯೂಆರ್‌ಎಲ್. ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರು ಸ್ಕಿಪ್ ವಲಯದಲ್ಲಿದ್ದರೆ (ಅವರ ಸಿಗ್ನಲ್ ನಿಮ್ಮ ತಲೆಯ ಮೇಲಿಂದ ಹಾರಿಹೋಗುವಷ್ಟು ದೂರದಲ್ಲಿದ್ದರೆ) ಅವರು ಮಾತಾಡುವಾಗ ನಿಮಗೆ ಬರೀ ಮೌನ ಕೇಳಿಸುತ್ತದೆ. ಟ್ಯೂನಿಂಗ್ ಡಮ್ಮಿ ಲೋಡ್‌ನಲ್ಲೇ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಆಗಲಿ.

ಡಯಲ್ ತೋರಿಸುವುದು ಕ್ಯಾರಿಯರ್‌ನ (ಧ್ವನಿಯನ್ನು ಹೊರುವ ಮೂಲ ತರಂಗ) ಜಾಗ, ಸಿಗ್ನಲ್ ಹರಡುವ ಜಾಗವಲ್ಲ. 14.349 ಮೆಗಾಹರ್ಟ್ಸ್‌ನಲ್ಲಿ ಯುಎಸ್‌ಬಿಯಲ್ಲಿ (ಧ್ವನಿ ಡಯಲ್‌ಗಿಂತ ಮೇಲಕ್ಕೆ ಹರಡುವ ಬಗೆ) ಮಾತಾಡಿದರೆ ಧ್ವನಿ ಸುಮಾರು 14.352ರವರೆಗೆ ಹೋಗುತ್ತದೆ, ಬ್ಯಾಂಡ್ 14.350ಕ್ಕೇ ಮುಗಿಯಿತು. ಅಂಚಿನಿಂದ 3 ಕಿಲೋಹರ್ಟ್ಸ್ ಬಿಡಿ. 7 ಮೆಗಾಹರ್ಟ್ಸ್‌ನ ಎಲ್‌ಎಸ್‌ಬಿಯಲ್ಲಿ (ಕೆಳಕ್ಕೆ ಹರಡುವ ಬಗೆ) ಇದೇ ಲೆಕ್ಕ ಕೆಳಗಿನ ಅಂಚಿಗೆ.

ಹೆಚ್ಚಿನ ಸ್ಪ್ಲಾಟರ್‌ಗೆ (ಪಕ್ಕದ ಫ್ರೀಕ್ವೆನ್ಸಿಗಳಿಗೆ ಚೆಲ್ಲುವ ಗದ್ದಲ) ಕಾರಣ ಅತಿಯಾದ ಮೈಕ್ ಗೇನ್. ಜೋರು ಮಾತಿಗೆ ಮಾತ್ರ ಎಎಲ್‌ಸಿ (ಮಟ್ಟ ಮೀರದಂತೆ ತಡೆಯುವ ಸರ್ಕ್ಯೂಟ್) ಮೀಟರ್ ಅಲುಗಬೇಕು, ಸದಾ ಮೇಲೆಯೇ ನಿಂತಿರಬಾರದು. ಎಫ್‌ಟಿ8ನಲ್ಲಿ (ಕಂಪ್ಯೂಟರ್ ಮೂಲಕ ಕಳಿಸುವ ಡಿಜಿಟಲ್ ಬಗೆ) ಆಡಿಯೋ ಮಟ್ಟವನ್ನು ಎಎಲ್‌ಸಿ ಸೊನ್ನೆಗೆ ಬರುವವರೆಗೂ ಇಳಿಸಿ, ಸ್ಪೀಚ್ ಪ್ರೊಸೆಸರ್ ಆಫ್ ಮಾಡಿ. ಇಲ್ಲದಿದ್ದರೆ ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಪರದೆ) ನಿಮ್ಮ ಒಂದು ಗೆರೆಯ ಪಕ್ಕ ಇನ್ನೆರಡು ಮರಿಗೆರೆ ಕಾಣುತ್ತವೆ.

ಪಕ್ಕದ ಮನೆಯ ಸ್ಪೀಕರ್ ನಿಮ್ಮ ಧ್ವನಿಯಲ್ಲಿ ಗೊಣಗಿದರೆ ಮೊದಲು ಕೋಆಕ್ಸ್‌ನ (ಆಂಟೆನಾ ಕೇಬಲ್) ಹೊರಮೈ ಮೇಲೆ ಹರಿಯುವ ಕರೆಂಟ್ ನಿಲ್ಲಿಸಿ: ಎಫ್‌ಟಿ240-31 ಟೊರಾಯ್ಡ್‌ಗೆ (ಫೆರೈಟ್ ಉಂಗುರ) ಆರ್‌ಜಿ-58 ಕೇಬಲ್ ಸುಮಾರು 12 ಸುತ್ತು, ಕೇಬಲ್ ಆಂಟೆನಾಕ್ಕೆ ಸೇರುವ ಫೀಡ್‌ಪಾಯಿಂಟ್‌ನಲ್ಲಿ. ಅವರ ಸ್ಪೀಕರ್ ವೈರಿಗೂ ಒಂದು ಫೆರೈಟ್ ಹಾಕಿಕೊಡಿ. ಲೋ-ಪಾಸ್ ಫಿಲ್ಟರ್ ಹಾರ್ಮೋನಿಕ್ಸ್‌ಗೆ (ನಿಮ್ಮ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಹೊಮ್ಮುವ ಸಿಗ್ನಲ್) ಮದ್ದು, ಇದಕ್ಕಲ್ಲ; ಇಲ್ಲೇ ಬಹಳ ಜನ ದುಡ್ಡು ಕಳೆಯುತ್ತಾರೆ. ಆಮೇಲೆ ಪವರ್ ಇಳಿಸಿ ನೋಡಿ: 100 ವಾಟ್‌ನಿಂದ 25ಕ್ಕೆ ಬಂದರೆ ಕೇಳುವವರಿಗೆ ಕಡಿಮೆಯಾಗುವುದು ಒಂದೇ ಎಸ್-ಯೂನಿಟ್ (ರಿಸೀವರ್ ಮೀಟರ್‌ನ ಒಂದು ಹಂತ).