ಚಿತ್ರ ಕೊಳ್ಳುವ ಮೊದಲು ಗೋಡೆ ಮುಟ್ಟಿ ನೋಡಿ

ನಮ್ಮದು ಸೋಮವಾರಪೇಟೆ ಕಡೆಯ ಹಳೇ ತೋಟದ ಮನೆ. ಹೆಂಚಿನ ಮಾಡು, ದಪ್ಪ ಮಣ್ಣಿನ ಗೋಡೆ. ನಾನು ಕೊಂಡ ಮೊದಲ ಚಿತ್ರ ಒಂದು ಜಲವರ್ಣ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಮೂವರು ಹೆಂಗಸರು. ಖುಷಿಯಲ್ಲಿ ಪಡುವಣ ಗೋಡೆಗೆ ನೇತುಹಾಕಿದೆ. ಕಕ್ಕಡ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು, ಮುಗಿಯುವಷ್ಟರಲ್ಲಿ ನಡುವಿನವಳ ಕೆನ್ನೆ ತುಂಬಾ ಬೂಷ್ಟು.

ಹಾಗಾಗಿ ಕೊಡಗಿನವರಿಗೆ ನಾನು ಹೇಳುವುದು: ಮೊದಲು ಗೋಡೆ ಆರಿಸಿ, ಆಮೇಲೆ ಚಿತ್ರ. ಜುಲೈಯಲ್ಲಿ ಗೋಡೆಗೆ ಅಂಗೈ ಒತ್ತಿ ನೋಡಿ. ತಣ್ಣಗೆ ಅಂಟಿದರೆ ಆ ಗೋಡೆ ಬೇಡ. ನಮ್ಮಲ್ಲಿ ಮಳೆ ಬಡಿಯುವುದು ಪಡುವಣದಿಂದ, ಹಾಗಾಗಿ ಒಳಗೋಡೆಯೇ ವಾಸಿ. ಒಲೆ ಹೊಗೆ ಬರುವ ಕಡೆಯೂ ಬೇಡ.

ಕಾಗದದ ಚಿತ್ರಕ್ಕೆ ಗಾಜು ಹಾಕಿಸಿ, ಆದರೆ ಗಾಜು ಕಾಗದಕ್ಕೆ ತಾಗಬಾರದು. ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಕೂರುವ ದಪ್ಪ ರಟ್ಟಿನ ಅಂಚು, ಇಡಿಸಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸಿದರೆ ಗಾಳಿ ಆಡುತ್ತದೆ. ಮಳೆಗಾಲಕ್ಕೆ ಪ್ಲಾಸ್ಟಿಕ್ ಸುತ್ತಿ ಅಟ್ಟಕ್ಕೆ ಹಾಕುವವರನ್ನು ನೋಡಿದ್ದೇನೆ. ತೇವ ಒಳಗೇ ಕೂರುತ್ತದೆ, ಅಲ್ವಾ? ಹಳೇ ಹತ್ತಿ ಸೀರೆ ಸುತ್ತಿ. ಬೂಷ್ಟು ಬಂದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ನಾನು ಅದನ್ನೇ ಮಾಡಿ ಆ ಹೆಂಗಸಿನ ಕೆನ್ನೆಯ ಬಣ್ಣವನ್ನೂ ಒರೆಸಿಬಿಟ್ಟೆ.

ಇನ್ನು ಆರಿಸುವುದು. ಮನುಷ್ಯರ ಚಿತ್ರದಲ್ಲಿ ನಾನು ಮೊದಲು ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ಮುಖವನ್ನು ಚೆಂದ ಮಾಡಿ ಗೆಲ್ಲಬಹುದು. ಬೆರಳು ಬರೆಯಲು ಬಾರದವರು ಅದನ್ನು ಸೆರಗಿನೊಳಗೆ ಬಚ್ಚಿಡುತ್ತಾರೆ! ಕಣ್ಣು ಪಳಗಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ, ಕಲಾವಿದ ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಾಗಿ ಸೋರುತ್ತದೆ. ಅದು ಜಲವರ್ಣ ಅಂದರೆ ನಂಬುವುದು ಕಷ್ಟ. ಇಂದಿಗೂ ಎಷ್ಟೋ ಜನ ಅದು ರವಿವರ್ಮನದು ಅಂತಾರೆ. ಅಷ್ಟು ಹೆಸರಾದ ಚಿತ್ರಕ್ಕೇ ಹೀಗಾದರೆ ನಮ್ಮ ಮನೆಯದರ ಗತಿ? ಕೊಂಡ ದಿನವೇ ಕಲಾವಿದರ ಹೆಸರು, ವರ್ಷ, ಯಾವ ಬಣ್ಣ ಅಂತ ಚೀಟಿ ಬರೆಸಿಕೊಳ್ಳಿ. ರಸೀದಿಯನ್ನೂ ಜೊತೆಗಿಡಿ.

ಕೊಳ್ಳಲು ನನಗೆ ಇಷ್ಟದ ಜಾಗ ಬೆಂಗಳೂರಿನ ಚಿತ್ರಸಂತೆ. ಜನವರಿಯ ಒಂದು ಭಾನುವಾರ ಚಿತ್ರಕಲಾ ಪರಿಷತ್ತಿನ ಮುಂದೆ, ಕುಮಾರಕೃಪಾ ರಸ್ತೆ ತುಂಬಾ ನಡೆಯುತ್ತದೆ. ಬರೆದವರೇ ಎದುರು ಕೂತಿರುತ್ತಾರೆ, ಮಾತಾಡಿಸಬಹುದು. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಕಾಲಿಡಲು ಜಾಗ ಇರುವುದಿಲ್ಲ. ಅನುಮಾನ ಬಂದರೆ ಭೂತಗನ್ನಡಿ ಹಿಡಿಯಿರಿ. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಪ್ರಿಂಟ್. ವಿದ್ಯಾರ್ಥಿಗಳ ಹತ್ತಿರ ನಾನು ಚೌಕಾಸಿ ಮಾಡುವುದಿಲ್ಲ. ಕ್ಯಾನ್ವಾಸ್ ಸುರುಳಿ ಸುತ್ತಿ ತರುವುದಾದರೆ ಬಣ್ಣದ ಮುಖ ಹೊರಗಿರಲಿ.

ನೇತುಹಾಕುವಾಗ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ಅಜ್ಜ ಅಜ್ಜಿಯ ಫೋಟೋದ ಹಾಗೆ ಮಾಡಿನ ಹತ್ತಿರ ಏರಿಸಿಬಿಡುತ್ತೇವೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕಿದ್ದರೆ ಸಾಕು. ಪಕ್ಕಕ್ಕೆ ತಿರುಗಿದ ಮುಖವಾದರೆ ಅದು ಕೋಣೆಯ ಕಡೆ ನೋಡುತ್ತಿರಲಿ, ಮೂಲೆಯ ಕಡೆ ಬೇಡ.

ನೇರ ನೋಡುವ ಮುಖವಾದರೆ ಇನ್ನೂ ಯೋಚಿಸಿ. ಒಮ್ಮೆ ಎಣ್ಣೆಬಣ್ಣದ ಒಬ್ಬ ಮುದುಕಿಯನ್ನು ತಂದು ಊಟದ ಮೇಜಿನ ಎದುರು ಹಾಕಿದೆ. ಮೂರನೇ ದಿನ ಅತ್ತೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. "ಅವಳು ನನ್ನ ಕಡುಬು ಎಣಿಸ್ತಾಳೆ ಕಣೇ" ಅಂದರು. ಈಗ ಮುದುಕಿ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಇದ್ದಾಳೆ. ಅತ್ತೆಯೇ ವಾರಕ್ಕೊಮ್ಮೆ ಒಣ ಬ್ರಷ್ ಹಿಡಿದು ಅವಳ ಧೂಳು ತೆಗೆಯುತ್ತಾರೆ, ಏನೋ ಗೊಣಗುತ್ತಾ.