ಹೈವೇ ಊರಾಚೆ ಹೋದಮೇಲೆ ನಾನು ಕೊಂಡ ವಾಟರ್ ಸರ್ವೀಸ್

2023ರ ಜೂನ್‌ನಲ್ಲಿ ಮಂಡ್ಯದ ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ನಡೆಯುತ್ತಿದ್ದ ಒಂದು ವಾಟರ್ ಸರ್ವೀಸ್ ಅನ್ನು, ಅಂದರೆ ಗಾಡಿ ತೊಳೆಯೋ ಜಾಗವನ್ನು, ನಾನು ವಹಿಸಿಕೊಂಡೆ. ನಡೆಯುತ್ತಿದ್ದ ಅಂತ ಬರೆದೆ, ಅದು ನನಗೆ ಮಾರಿದವರು ಹೇಳಿದ ಮಾತು. ದಿನಕ್ಕೆ 15 ಕಾರು ಬರುತ್ತೆ ಅಂದರು. ನಾನೂ ಎದುರಿನ ಟೀ ಅಂಗಡಿಯಲ್ಲಿ ಕೂತು ಎರಡು ದಿನ ಎಣಿಸಿದ್ದೆ, ಒಂದು ದಿನ 13, ಇನ್ನೊಂದು ದಿನ 16. ಸರಿಯಾಗೇ ಇದೆ ಅಂತ ಅಡ್ವಾನ್ಸ್ ಕೊಟ್ಟೆ. ಆಮೇಲೆ ಗೊತ್ತಾಯ್ತು, ನಾನು ಎಣಿಸಿದ್ದು ಶನಿವಾರ, ಭಾನುವಾರ. ಸೋಮವಾರ ಬಂದದ್ದು ಮೂರು ಕಾರು, ಅದರಲ್ಲಿ ಒಂದು ನನ್ನ ಭಾವನದ್ದು.

ಈ ಥರ ಏನಾದ್ರೂ ಕೊಳ್ಳೋರು ಟೀ ಅಂಗಡಿಯಲ್ಲಿ ಕೂರಬೇಡಿ, ಹಳೇ ಕರೆಂಟ್ ಬಿಲ್ ಕೇಳಿ. ಪ್ರೆಷರ್ ಪಂಪು, ಬೋರ್‌ವೆಲ್ ಮೋಟರ್, ಏರ್ ಕಂಪ್ರೆಸರ್, ಹೈಡ್ರಾಲಿಕ್ ರ‍್ಯಾಂಪು ಎಲ್ಲ ಕರೆಂಟಿನ ಮೇಲೇ ಓಡೋದು. ಕಾರು ತೊಳೆದಿದ್ದರೆ ಯೂನಿಟ್ ಓಡಿರಲೇಬೇಕು. ನಾನು ಬಿಲ್ ತೆಗೆದು ನೋಡಿದ್ದು ದುಡ್ಡು ಕೊಟ್ಟ ಮೇಲೆ. ಮಾರ್ಚ್‌ವರೆಗೂ ಒಂದು ಲೆಕ್ಕ, ಏಪ್ರಿಲ್‌ನಿಂದ ಅದರ ಅರ್ಧಕ್ಕಿಂತ ಕಮ್ಮಿ.

ಏಪ್ರಿಲ್ ಯಾಕೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಮಾರ್ಚ್ 12ಕ್ಕೆ ಪ್ರಧಾನಿ ಗೆಜ್ಜಲಗೆರೆಗೆ ಬಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಮಾಡಿದ್ದರು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಆಯಿತು. ಮೈಸೂರಿಗೆ ಹೋಗೋ ಬೆಂಗಳೂರಿನವರು ನಮ್ಮೂರೊಳಗೆ ಕಾಲಿಡೋದೇ ನಿಂತುಹೋಯ್ತು. ವಡೆ ಅಂಗಡಿಯವರೂ ಹೋಟೆಲಿನವರೂ ತಮ್ಮ ಕಷ್ಟ ಟಿವಿಯಲ್ಲಿ ಹೇಳಿಕೊಂಡರು, ವಾಟರ್ ಸರ್ವೀಸಿನವನನ್ನು ಯಾರು ಕೇಳುತ್ತಾರೆ? ಹಳೇ ಮಾಲೀಕರು ಬದುಕಿದ್ದು ದಾರಿಹೋಕರ ಮೇಲೆ. ಒಂದು ಸಲ ಬಂದವನು ಮತ್ತೆ ಬರಲ್ಲ ಅಂತ ಗೊತ್ತಿದ್ದ ಮೇಲೆ ಯಾರು ತಾನೇ ನೀಟಾಗಿ ತೊಳೀತಾರೆ? ಹಾಗಾಗಿ ನನ್ನ ಕೈಗೆ ಬಂದದ್ದು ಹೊರಗಿನ ಗಿರಾಕಿ ಇಲ್ಲದ, ಊರೊಳಗೆ ಹೆಸರು ಕೆಟ್ಟ ಜಾಗ.

ಮೊದಲು ನಾನೂ ಎಲ್ಲರೂ ಮಾಡೋದನ್ನೇ ಮಾಡಿದೆ. ಹೊಸ ಫ್ಲೆಕ್ಸ್ ಹಾಕಿಸಿದೆ. 4,000 ಪಾಂಪ್ಲೆಟ್ ಅಚ್ಚು ಹಾಕಿಸಿ ಪೇಪರ್ ಹುಡುಗರ ಕೈಲಿ ಹಂಚಿಸಿದೆ, ಬಂದ ಫೋನು ಒಂಬತ್ತು. ಓಪನಿಂಗ್ ಆಫರ್ ಅಂತ ಅರ್ಧ ರೇಟು ಇಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ಭಾನುವಾರ ಒಂದೇ ದಿನ 30 ಗಾಡಿ ಸಾಲು ನಿಂತವು, ಇಬ್ಬರು ಹುಡುಗರು ಮತ್ತು ನಾನು, ಮಧ್ಯಾಹ್ನದ ಹೊತ್ತಿಗೆ ಯಾರ ಕಾರಿನ ಮ್ಯಾಟು ಯಾರ ಕಾರಿನೊಳಗೆ ಹೋಯ್ತೋ ಗೊತ್ತಿಲ್ಲ. ಹಳೇ ಕೆಟ್ಟ ಹೆಸರಿಗೆ ಹೊಸ ಕೆಟ್ಟ ಹೆಸರು ಸೇರಿತು. ಆ 30ರಲ್ಲಿ ಪೂರ್ತಿ ರೇಟಿಗೆ ವಾಪಸ್ ಬಂದವರು ಮೂರೋ ನಾಲ್ಕೋ ಜನ.

ಉಪಯೋಗಕ್ಕೆ ಬಂದದ್ದು ಡ್ರಾಯರ್‌ನಲ್ಲಿ ಬಿದ್ದಿದ್ದ ಒಂದು ಹಳೇ ಲಾಂಗ್ ಬುಕ್. ಹಿಂದಿನವರು ಗಾಡಿ ನಂಬರು, ಫೋನ್ ನಂಬರು ಬರೆದುಕೊಳ್ಳುತ್ತಿದ್ದರು. ಕೆಎ 11 ಗಾಡಿಗಳನ್ನು ಮಾತ್ರ ಆರಿಸಿದೆ, ಅಂದರೆ ನಮ್ಮ ಮಂಡ್ಯದವು. ಸುಮಾರು 140 ನಂಬರ್ ಸಿಕ್ಕಿತು. ದಿನಾ ಸಂಜೆ ಹತ್ತು ಹತ್ತು ಜನಕ್ಕೆ ಫೋನ್ ಮಾಡಿದೆ. "ಬನ್ನಿ ಸಾರ್" ಅಂತ ಕರೆಯಲಿಲ್ಲ. "ಜಾಗ ನಾನು ತಗೊಂಡಿದ್ದೀನಿ, ನೀವು ಬರೋದು ಯಾಕೆ ಬಿಟ್ರಿ ಅಂತ ಹೇಳ್ತೀರಾ" ಅಂತಷ್ಟೇ ಕೇಳಿದೆ. ಅರ್ಧ ಜನ ಫೋನ್ ಇಟ್ಟರು, ಕೆಲವರು ಬೈದರು. ಉಳಿದವರು ಹೇಳಿದ್ದನ್ನೆಲ್ಲ ಅದೇ ಪುಸ್ತಕದ ಹಿಂದೆ ಬರೆದುಕೊಂಡೆ. ಬಾನೆಟ್ ಮೇಲೆ ಗೀರು ಬಿತ್ತು. ಡ್ಯಾಶ್‌ಬೋರ್ಡಿನ ಚಿಲ್ಲರೆ ಕಾಣೆಯಾಯ್ತು. ಗ್ಲಾಸ್ ಮೇಲೆ ಬಿಳಿ ಚುಕ್ಕೆ ಉಳಿಯಿತು. ಒಬ್ಬ ಟೀಚರ್ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ: "ಅಲ್ಲಿ ಒಂದು ಗಂಟೆ ಎಲ್ಲಿ ಕೂರೋದು ರೀ, ಗಂಡಸರು ಸಿಗರೇಟ್ ಸೇದ್ತಾ ನಿಂತಿರ್ತಾರೆ."

ಇಷ್ಟು ಕೇಳಿದ ಮೇಲೆ ಜಾಹೀರಾತಿನ ಯೋಚನೆ ಬಿಟ್ಟೆ. ಗೀರು ಬೀಳ್ತಿದ್ದದ್ದು ಒಂದೇ ಬಟ್ಟೆಯಿಂದ. ಚಕ್ರ ಒರೆಸಿದ ಬಟ್ಟೆಯ ಮರಳು ಬಾನೆಟ್ ಮೇಲೆ ಉಜ್ಜಿದರೆ ಇನ್ನೇನಾಗುತ್ತೆ? ಮೂರು ಬಣ್ಣದ ಮೈಕ್ರೋಫೈಬರ್ ಬಟ್ಟೆ ತಂದೆ. ನೀಲಿ ಕಾರಿನ ಮೈಗೆ, ಕೆಂಪು ಚಕ್ರಕ್ಕೆ, ಹಳದಿ ಒಳಗಡೆಗೆ. ಬಣ್ಣ ತಪ್ಪಿದರೆ ಆ ದಿನದ ಟೀ ಖರ್ಚು ತಪ್ಪಿಸಿದವನದ್ದು (ನಾನೇ ಎರಡು ಸಲ ಕೊಟ್ಟಿದ್ದೀನಿ). ಬಿಳಿ ಚುಕ್ಕೆ ಬೋರ್‌ವೆಲ್ ನೀರಿನದ್ದು. ಗಡಸು ನೀರು ಬಿಸಿಲಿಗೆ ಆರಿದರೆ ಸುಣ್ಣದಂಥ ಕಲೆ ಉಳಿಯುತ್ತೆ. ಅದಕ್ಕೆ ಶೀಟಿನ ನೆರಳು ಮಾಡಿಸಿದೆ, ನೀರು ಆರೋಕೆ ಬಿಡದೆ ಒರೆಸೋಕೆ ಒಬ್ಬ ಹುಡುಗನನ್ನೇ ಇಟ್ಟೆ. ಡೀಸೆಲ್ ಸ್ಪ್ರೇ ನಿಲ್ಲಿಸಿದೆ. ಅಡಿಭಾಗ ಮಿಂಚುತ್ತೆ ಅಂತ ಹಳಬರಿಗೆ ಅದರ ಮೇಲೆ ಪ್ರೀತಿ, ಆದರೆ ರಬ್ಬರ್ ಬುಷ್‌ಗಳಿಗೆ ಅದು ಒಳ್ಳೇದಲ್ಲ. ಈ ವಿಷಯದಲ್ಲಿ ನಾಲ್ಕೈದು ಮಾಮೂಲಿ ಗಿರಾಕಿಗಳು ಜಗಳ ಆಡಿ ಹೋದರು. ಹೋಗಲಿ.

ಚಿಲ್ಲರೆಗೆ ಮಾಡಿದ ಉಪಾಯಕ್ಕೆ ಖರ್ಚೇ ಇಲ್ಲ. ಸೀಟಿನಡಿ, ಮ್ಯಾಟಿನಡಿ ಏನು ಸಿಕ್ಕರೂ ಸಣ್ಣ ಜಿಪ್ ಕವರಿಗೆ ಹಾಕಿ ಸ್ಟೀರಿಂಗ್ ಮೇಲೆ ಇಡೋದು. ಎರಡು ರೂಪಾಯಿ, ಹೇರ್ ಕ್ಲಿಪ್ಪು, ಮಗುವಿನ ಕಾಲುಗೆಜ್ಜೆಯ ಒಂದು ಗುಂಡು, ಏನಾದ್ರೂ ಸರಿ. ಜನ ಕಾರು ಎಷ್ಟು ಹೊಳೀತಿದೆ ಅಂತ ಮನೆಯಲ್ಲಿ ಹೇಳಲ್ಲ, ಆ ಕವರ್ ತೋರಿಸ್ತಾರೆ. ನನಗೆ ಬಂದ ಹೊಸ ಗಿರಾಕಿಗಳಲ್ಲಿ "ಅದೇ, ಕವರ್ ಕೊಡ್ತಾರಂತಲ್ಲ" ಅಂತ ಕೇಳಿಕೊಂಡು ಬಂದವರೇ ಜಾಸ್ತಿ.

ಇದೆಲ್ಲ ಒಂದು ಹದಕ್ಕೆ ಬರೋ ಹೊತ್ತಿಗೆ ಸೆಪ್ಟೆಂಬರ್ ಬಂತು. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ತಮಿಳುನಾಡಿಗೆ ಕಾವೇರಿ ನೀರು ಬಿಡೋದರ ವಿರುದ್ಧ ಊರೆಲ್ಲ ಧರಣಿ, 23ಕ್ಕೆ ಮಂಡ್ಯ ಬಂದ್. ಬಂದ್ ಮುಗಿದ ಮಾರನೇ ದಿನ ಬೆಳಿಗ್ಗೆ ನಾನು ಕೈಯಲ್ಲಿ ಪ್ರೆಷರ್ ಗನ್ ಹಿಡಿದು ಯಾರದೋ ದೊಡ್ಡ ಗಾಡಿ ತೊಳೀತಿದ್ದೆ. ಸೈಕಲ್ಲಿನಲ್ಲಿ ಹೋಗ್ತಿದ್ದ ಒಬ್ಬ ಹಿರಿಯರು ನಿಲ್ಲಿಸಿ, "ಗದ್ದೆಗೆ ನೀರಿಲ್ಲ ಕಣಪ್ಪ, ನಿಂಗೆ ಕಾರು ತೊಳಿಯಾಕೆ ನೀರೈತಾ?" ಅಂದರು. ಬೋರ್‌ವೆಲ್ ನೀರು ಅನ್ನೋ ಉತ್ತರ ಬಾಯಿಗೆ ಬಂತು, ಹೇಳೋಕೆ ಆಗಲಿಲ್ಲ. ನಾನೂ ಎರಡು ಎಕರೆ ಗದ್ದೆ ಇರೋ ಮನೆಯವನೇ.

ಆ ವಾರ ಅಳೆದು ನೋಡಿದೆ. 200 ಲೀಟರಿನ ಡ್ರಮ್ಮಿಗೆ ಪಂಪ್ ಕೊಟ್ಟು ತೊಳೆದರೆ ಒಂದು ಕಾರಿಗೆ ಒಂದು ಡ್ರಮ್ ಪೂರ್ತಿ ಖಾಲಿ. ಹಿಂದೆ ಇದ್ದ ಗುಂಡಿಯನ್ನು ಮೂರು ಭಾಗ ಮಾಡಿಸಿದೆ. ಮೊದಲನೆಯದರಲ್ಲಿ ಮಣ್ಣು ತಳಕ್ಕೆ ಕೂರುತ್ತೆ, ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲಿ ನಿಲ್ಲುತ್ತೆ, ಮೂರನೆಯದರ ನೀರನ್ನು ಚಕ್ರ ಮತ್ತು ಅಡಿಭಾಗದ ಮೊದಲ ತೊಳೆತಕ್ಕೆ ಮಾತ್ರ ಬಳಸ್ತೀವಿ. ಕಾರಿನ ಮೈಗೆ ಹೊಸ ನೀರೇ. ಡ್ರಮ್ ಅರ್ಧಕ್ಕೆ ಇಳಿಯಿತು. ಆ ಗುಂಡಿಗೆ ಮುಚ್ಚಳ ಹಾಕದೆ, ಬಂದವರಿಗೆಲ್ಲ ಕಾಣೋ ಹಾಗೆ ಬಿಟ್ಟೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ದಂಡ ಅಂತ ಆದೇಶ ಬಂದಾಗ, ವೀಕೆಂಡಿಗೆ ಊರಿಗೆ ಬರೋ ಬೆಂಗಳೂರಿನವರು ನಮ್ಮಲ್ಲೇ ತೊಳೆಸಿಕೊಂಡು ಹೋಗೋಕೆ ಶುರು ಮಾಡಿದರು. ಅದು ನನ್ನ ಜಾಣತನ ಏನಲ್ಲ, ಅದೃಷ್ಟ.

ನಮ್ಮೂರಲ್ಲಿ ವಾಟರ್ ಸರ್ವೀಸಿಗೆ ನಿಜವಾದ ಪೈಪೋಟಿ ಪಕ್ಕದ ವಾಟರ್ ಸರ್ವೀಸಿಂದ ಬರಲ್ಲ, ನಾಲೆಯಿಂದ ಬರುತ್ತೆ. ನಾಲೆಯಲ್ಲಿ ನೀರು ಇದ್ದರೆ ಟ್ರ್ಯಾಕ್ಟರ್, ಗೂಡ್ಸ್ ಗಾಡಿ, ಬೈಕು ಎಲ್ಲ ಅಲ್ಲೇ, ಬಿಟ್ಟಿಯಾಗಿ. ಕಟ್ಟು ನೀರು ಪದ್ಧತಿಯಲ್ಲಿ (ಸರದಿ ಪ್ರಕಾರ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸೋದು) ನಾಲೆ ನಿಲ್ಲಿಸಿದ ದಿನ ನಮ್ಮಲ್ಲಿಗೆ. ಅದಕ್ಕೆ ನಾನು ನಾಲೆ ನೀರಿನ ಸರದಿ ನೋಡಿಕೊಂಡು ಹುಡುಗರಿಗೆ ರಜೆ ಕೊಡ್ತೀನಿ. ಟ್ರ್ಯಾಕ್ಟರಿನವರನ್ನು ಉಳಿಸಿಕೊಳ್ಳೋದು ಕಷ್ಟ, ಟ್ಯಾಕ್ಸಿಯವರು ಹಾಗಲ್ಲ. ಬೆಳಿಗ್ಗೆ ಐದೂವರೆಗೆ ಶಟರ್ ಎತ್ತಿದರೆ ಬಾಡಿಗೆಗೆ ಹೊರಡೋ ಹಳದಿ ಬೋರ್ಡಿನವರು ಬರ್ತಾರೆ. ಅವರಿಗೆ ಹೊರಗಿನ ತೊಳೆತ ಮಾತ್ರ, 15 ನಿಮಿಷ, 200 ರೂಪಾಯಿ. ಲಾಭ ಕಮ್ಮಿ, ಆದರೆ ಮದುವೆ ಸೀಸನ್ನಿನಲ್ಲಿ ಒಬ್ಬ ಡ್ರೈವರ್ ಐದು ಗಾಡಿ ಕರೆತರ್ತಾನೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಗೆ ಬೈಕ್, ಆಟೋ ಬಿಡೋದು ನಿಲ್ಲಿಸಿದ ಮೇಲೆ ಹಳೇ ರಸ್ತೆಯಲ್ಲಿ ಬೈಕು ಜಾಸ್ತಿ ಆಯ್ತು, ಅವರಿಗೆ ಅಂತ ಬೋರ್ಡ್ ಹಾಕಿದೆ. ನಿಜ ಹೇಳಬೇಕಂದ್ರೆ ಬೈಕಿನಲ್ಲಿ ಏನೂ ಉಳಿಯಲ್ಲ.

ಟೀಚರ್ ಹೇಳಿದ ಮಾತಿಗೆ ಒಂದು ರೂಮು ಖಾಲಿ ಮಾಡಿಸಿ ನಾಲ್ಕು ಕುರ್ಚಿ, ಫ್ಯಾನು, ಕುಡಿಯೋ ನೀರು ಇಟ್ಟೆ, ಟಾಯ್ಲೆಟ್ ರಿಪೇರಿ ಮಾಡಿಸಿದೆ. ಸಿಗರೇಟಿನವರಿಗೆ ರಸ್ತೆ ಆಚೆ. ಈಗ ವಾರದ ದಿನಗಳಲ್ಲಿ ಬರೋರಲ್ಲಿ ಹೆಂಗಸರೇ ಜಾಸ್ತಿ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಸೀದಾ ಬರ್ತಾರೆ.

ಆಯುಧ ಪೂಜೆ ಬಗ್ಗೆ ಒಂದು ಮಾತು. 2023ರಲ್ಲಿ ಅಕ್ಟೋಬರ್ 23ಕ್ಕೆ ಹಬ್ಬ. ಹಿಂದಿನ ದಿನ ಹೇಗೂ ಎಲ್ಲ ವಾಟರ್ ಸರ್ವೀಸೂ ತುಂಬಿರುತ್ತೆ, ಅದಕ್ಕೆ ಯಾರನ್ನೂ ಕರೀಬೇಕಿಲ್ಲ. ನಾನು ಟೋಕನ್ ಕೊಟ್ಟು 28 ಗಾಡಿಗೆ ನಿಲ್ಲಿಸಿದೆ, ಓಪನಿಂಗ್ ಆಫರಿನ ಭಾನುವಾರ ಇನ್ನೂ ನೆನಪಿತ್ತು. ಆದರೆ ಹಬ್ಬ ಆದ ಎರಡು ದಿನಕ್ಕೆ ಗಾಡಿ ನೋಡಬೇಕು. ಬಾನೆಟ್ ಮೇಲೆ ಒಣಗಿದ ಕುಂಕುಮ, ಗಂಧ, ಗ್ಲಾಸಿನ ಮೇಲೆ ವಿಭೂತಿ ಪಟ್ಟೆ, ಚಕ್ರದ ಸಂದಿಯಲ್ಲಿ ಬೂದುಗುಂಬಳದ ತಿರುಳು. ಮನೆಯಲ್ಲಿ ಒಣ ಬಟ್ಟೆ ತಗೊಂಡು ಉಜ್ಜಿದರೆ ಗೀರು ಗ್ಯಾರಂಟಿ. ಹಬ್ಬಕ್ಕೆ ತೊಳೆಸಿದವರಿಗೆಲ್ಲ "ಕುಂಕುಮ ಉಜ್ಜಬೇಡಿ, 100 ರೂಪಾಯಿಗೆ ತೆಗೆದು ಕೊಡ್ತೀವಿ, ವಿಜಯದಶಮಿ ಆದಮೇಲೆ ಬನ್ನಿ" ಅಂತ ವಾಟ್ಸಾಪ್ ಹಾಕಿದೆ. 28ರಲ್ಲಿ 17 ಜನ ಬಂದರು. ಗುಡ್ ಮಾರ್ನಿಂಗ್ ಮೆಸೇಜ್ ಕಳಿಸೋದಕ್ಕಿಂತ ಇದು ವಾಸಿ, ಅಲ್ವಾ?

ಗೂಗಲ್ ಮ್ಯಾಪ್‌ನಲ್ಲಿ ಹಳೇ ಹೆಸರಿಗೆ ಇದ್ದ ಕೆಟ್ಟ ರಿವ್ಯೂಗಳನ್ನು ಅಳಿಸೋಕೆ ಆಗಲಿಲ್ಲ. ಪ್ರತಿಯೊಂದರ ಕೆಳಗೂ ಏನು ಬದಲಾಗಿದೆ ಅಂತ ಎರಡು ಸಾಲು ಬರೆದೆ. ರಿವ್ಯೂ ಹಾಕಿದರೆ ಡಿಸ್ಕೌಂಟ್ ಅಂತ ಆಸೆ ತೋರಿಸೋದು ಗೂಗಲ್ ನಿಯಮಕ್ಕೆ ವಿರುದ್ಧ, ಅದನ್ನು ಮಾಡಬೇಡಿ. ಕಾರಿನ ಕೀ ಕೊಡುವಾಗ ಬಾಯಲ್ಲಿ ಕೇಳಿದರೆ ಹತ್ತರಲ್ಲಿ ಒಬ್ಬರು ಬರೀತಾರೆ, ಅಷ್ಟು ಸಾಕು.

ಈಗ ವಾರದ ದಿನ 11–12 ಕಾರು, ಭಾನುವಾರ 20. ಸಾಲದ ಕಂತು ಹೋಗಿ ಕೈಗೆ ಸಿಗೋದು ಹೆಚ್ಚೇನಿಲ್ಲ, ಆದರೆ ಜಾಗದ ಬಾಡಿಗೆಗೆ ಭಾವನ ಹತ್ತಿರ ಕೈ ಚಾಚೋದು ನಿಂತಿದೆ. ನಾಲ್ಕು ದಿನದಿಂದ ನಾಲೆಗೆ ನೀರು ಬಿಟ್ಟಿದ್ದಾರೆ. ಆಗಿನಿಂದ ಒಂದು ಟ್ರ್ಯಾಕ್ಟರೂ ಈ ಕಡೆ ಬಂದಿಲ್ಲ, ಇದನ್ನು ಬರೆಯೋಕೆ ಪುರುಸೊತ್ತು ಸಿಕ್ಕಿದ್ದೂ ಹಾಗೇ.